ದೇವರ ಮುಂದಿಟ್ಟ ಕಹಿ ಸಕ್ಕರೆ

ಸಕ್ಕರೆ ಕಹಿಯಾಗಬಲ್ಲದು ಎಂದು ನಮ್ಮ ಕಡೆಯವರನ್ನು ನಂಬಿಸುವುದು ಸುಲಭದ ಮಾತಲ್ಲ. ಬಾಡಗಂಡಿಯ ಸುತ್ತಲಿನ ಮಂದಿ ಬೇರೆ ಯಾವ ವಿಷಯದಲ್ಲಾದರೂ ಇನ್ನೊಬ್ಬರ ಮಾತು ಕೇಳಿಯಾರು, ಸಕ್ಕರೆಯ ವಿಷಯದಲ್ಲಿ ಮಾತ್ರ ಕೇಳುವುದಿಲ್ಲ. ಕಿಟಕಿ ತೆಗೆದರೆ ಕಬ್ಬು, ಹಂಗಾಮಿನಲ್ಲಿ ಕಿಟಕಿ ಮುಚ್ಚಿದರೂ ಕಾರ್ಖಾನೆಯ ಕಾಕಂಬಿ ವಾಸನೆ. ಅಂಥ ಊರಲ್ಲಿ ಹುಟ್ಟಿದ ನಾನು ನನ್ನ ವಯಸ್ಸಿನ ಒಳ್ಳೆಯ ವರ್ಷಗಳನ್ನು ಕಹಿ ಸಕ್ಕರೆ ಮಾಡುವುದರಲ್ಲಿ ಕಳೆದೆ. ಖುಷಿಯಿಂದಲೇ ಕಳೆದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆ ಅಂದರೆ ಕಣ್ಣೀರು, ಉಪವಾಸ, ತ್ಯಾಗ ಎಂದು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮದುವೆಯಾಗಿ ಬಂದದ್ದು ಬನಹಟ್ಟಿಗೆ. ಗಂಡನದು ನೂಲಿನ ವ್ಯಾಪಾರ. ಬೆಳಗ್ಗೆ ಓಣಿಯ ಮಗ್ಗಗಳು ಶುರುವಾದ ಮೇಲೆ ಮನೆಯಲ್ಲಿ ಯಾರೂ ಮಲಗುವಂತಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಜಮಖಂಡಿ ಸೇರಿ, ಪಾಠ ಮುಗಿಸಿ, ಮಧ್ಯಾಹ್ನದ ಮೇಲೆ ಲ್ಯಾಬಿನ ಮೂಲೆಯಲ್ಲಿ ನನ್ನ ಪಿಎಚ್.ಡಿ. ಕೆಲಸ ಹಿಡಿಯುತ್ತಿದ್ದೆ. ಕರೆಂಟು ಇದ್ದರೆ ಕೆಲಸ, ಇಲ್ಲದಿದ್ದರೆ ಹುಡುಗರ ಉತ್ತರಪತ್ರಿಕೆ ತಿದ್ದುವುದು. ಎರಡು ಸಾವಿರದ ಏಳೆಂಟರ ಸುಮಾರಿನ ಮಾತು ಇದು.

ನನ್ನ ಮಾರ್ಗದರ್ಶಕರು ಧಾರವಾಡದಲ್ಲಿದ್ದರು. ಮಾತು ಬಹಳ ಕಡಿಮೆ. ಅವರು ಕೊಟ್ಟ ವಿಷಯ, ಸಕ್ಕರೆಯಿಂದ ಕ್ರಿಮಿ ಕೊಲ್ಲುವ ಔಷಧ. ಸಕ್ಕರೆಯ ಅಣುವಿಗೆ ಕೊಬ್ಬರಿ ಎಣ್ಣೆಯಿಂದ ತೆಗೆದ ಉದ್ದನೆಯ ಬಾಲವೊಂದನ್ನು ಜೋಡಿಸಬೇಕು. ಸಕ್ಕರೆಯ ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಕೀವು ತರುವ ಕ್ರಿಮಿಗಳ ಮೈಮೇಲೆ ಜಿಡ್ಡಿನದೇ ಒಂದು ತೆಳು ಪೊರೆ ಇರುತ್ತದೆ. ಬಾಲ ಹೋಗಿ ಅದರಲ್ಲಿ ಹೊಕ್ಕರೆ ಪೊರೆ ಹರಿಯುತ್ತದೆ, ಕ್ರಿಮಿ ಸಾಯುತ್ತದೆ. ಹಳೆಯ ಔಷಧಗಳಿಗೆಲ್ಲ ಕ್ರಿಮಿಗಳು ಒಗ್ಗಿಹೋಗುತ್ತಿದ್ದ ಕಾಲ. ಮೈಯ ಪೊರೆಯನ್ನೇ ಹರಿಯುವ ಔಷಧಕ್ಕೆ ಅವು ಅಷ್ಟು ಬೇಗ ಒಗ್ಗಲಾರವು ಎಂಬುದು ನಮ್ಮ ಆಸೆ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಹೋದರೆ ಬಾಲ ತಲೆಯ ಎಲ್ಲೆಲ್ಲೋ ಹೋಗಿ ಅಂಟಿಕೊಂಡು, ಕೊನೆಗೆ ಬೀಕರಿನ ತಳದಲ್ಲಿ ಉಳಿಯುತ್ತಿದ್ದದ್ದು ಕಂದು ಬಣ್ಣದ ಒಂದು ಅಂಟು. ಅದನ್ನು ತಿಕ್ಕಿ ತೊಳೆಯುತ್ತ ನಾನು ಬೈಗುಳಗಳನ್ನೆಲ್ಲ ಖರ್ಚು ಮಾಡಿದ್ದೇನೆ.

ಇನ್ನು ಅಪ್ಪ. ಅಪ್ಪ ಬಾಡಗಂಡಿಯಲ್ಲಿ ಕಬ್ಬು ಬೆಳೆಯುವವರು. ನದಿದಂಡೆಯ ನಮ್ಮ ಹಳೆಯ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಮೇಲ್ಗಡೆ ಭೂಮಿ ಹಿಡಿದು, ಅದೇ ನೀರನ್ನು ಪೈಪಿನಲ್ಲಿ ಎತ್ತಿ ತಂದು ಕಬ್ಬು ಹಚ್ಚಿದರು. "ನನ್ನ ಹೊಲ ತಗೊಂಡ ನೀರು ನನಗ ದುಡೀಲಿ" ಎನ್ನುತ್ತಿದ್ದರು. ಕಾರ್ಖಾನೆ ಕೂಗಳತೆಯಲ್ಲಿತ್ತು, ಬಹುಪಾಲು ಕಬ್ಬು ಅಲ್ಲಿಗೇ ಹೋಗುತ್ತಿತ್ತು. ಆದರೂ ಹೊಲದಲ್ಲೊಂದು ಗಾಣ ಇಟ್ಟುಕೊಂಡು ಮನೆಮಟ್ಟಿಗೆ ಬೆಲ್ಲ ಕಾಯಿಸುವುದನ್ನು ಅವರು ಬಿಡಲಿಲ್ಲ. ಗಾಣಕ್ಕೆ ಎರಡು ಕಟ್ಟಳೆ ಇದ್ದವು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಹಂಗಾಮಿನಲ್ಲಿ ಮೊದಲು ಇಳಿದ ಬೆಲ್ಲ ಮೊದಲು ದೇವರ ಮುಂದೆ, ಆಮೇಲೆ ಅಲ್ಲಿದ್ದ ಎಲ್ಲರ ಅಂಗೈಗೆ. ಅದನ್ನು ಬಾಯಿಗೆ ಹಾಕಿಕೊಳ್ಳದೆ ಯಾರೂ ಏಳುವಂತಿರಲಿಲ್ಲ.

ನಾನು ಸಕ್ಕರೆಯಿಂದ ಔಷಧ ಮಾಡಲು ಹೊರಟಿದ್ದೇನೆ ಎಂದು ಕೇಳಿದಾಗ ಅಪ್ಪನಿಗೆ ಆದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಆ ಸಂತೋಷಕ್ಕೆ ಕಲ್ಲು ಹಾಕಿದವಳು ನಾನೇ. ಊಟಕ್ಕೆ ಕೂತಾಗ ಕೇಳಿದರು:

"ನಮ್ಮ ಹೊಲದ ಕಬ್ಬಿಂದನ ಮಾಡಾಕತ್ತೀ ಹೌದಿಲ್ಲೋ?"

"ಇಲ್ರೀ ಅಪ್ಪಾ. ಮುಂಬಯಿಂದ ಗ್ಲೂಕೋಸಿನ ಬಾಟ್ಲಿ ತರಿಸ್ತೇನ್ರಿ. ಅದನ್ನ ಗೋವಿನಜೋಳದಿಂದ ತಗೀತಾರ."

ಅಪ್ಪ ತಾಟಿನಿಂದ ಕೈ ಹಿಂದೆ ತೆಗೆದರು. "ಗೋವಿನಜೋಳ? ದನಕ್ಕ ಹಾಕು ಗೋವಿನಜೋಳ?"

"ಅಣು ಒಂದ ಐತ್ರೀ. ಅದಕ್ಕೇನ ತನ್ನ ಹೊಲ ಯಾವ್ದು ಅಂತ ಗೊತ್ತಿರತೈತೇನು?"

"ಅದಕ್ಕ ಗೊತ್ತಿರೂದಿಲ್ಲ, ನನಗ ಗೊತ್ತಿರತೈತಿ. ಊರಾಗ ಯಾರ ಮುಂದೂ ಹೇಳಬ್ಯಾಡ ಮತ್ತ" ಎಂದರು. ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಮುಂದಿನ ವಾರ ಬನಹಟ್ಟಿಯ ನಮ್ಮ ಅಂಗಡಿಯ ಮುಂದೆ ಬಸ್ಸಿನಿಂದ, ಕಾರ್ಖಾನೆ ಅಪ್ಪನ ಪಾಲಿಗೆ ಕೊಟ್ಟ ಒಂದು ಚೀಲ ಸಕ್ಕರೆ ಇಳಿಯಿತು. ನನ್ನ ಗಂಡ ಅದನ್ನು ಒಳಗೆ ಹೊರಿಸುತ್ತ, "ನಿಮ್ಮಪ್ಪ ನಿನ್ನ ಪಿಎಚ್.ಡಿ. ಚೀಲದಾಗ ತುಂಬಿ ಕಳಿಸ್ಯಾರ ನೋಡು" ಎಂದರು.

ಕಬ್ಬಿನ ಸಕ್ಕರೆಯನ್ನು ಒಡೆದು ಅದರೊಳಗಿನ ಗ್ಲೂಕೋಸನ್ನು ಬೇರೆ ಮಾಡಿ ಹರಳು ಕಟ್ಟಿಸುವುದು ಯಾರಿಗೂ ಬೇಡದ ಕೆಲಸ. ಬಾಟಲಿಯಲ್ಲಿ ಸಿಗುವುದಕ್ಕೆ ಇಷ್ಟು ಒದ್ದಾಟ ಏಕೆ ಎಂದು ನನಗೇ ಸಿಟ್ಟು ಬರುತ್ತಿತ್ತು. ಆದರೂ ಮಾಡಿದೆ. ಕರಗುವ ಉಷ್ಣಾಂಶ ನೋಡಿದರೆ ಬಾಟಲಿಯದಕ್ಕೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಅಲ್ಲಿಂದ ಮುಂದೆ ನಾನು ಅಪ್ಪನ ಸಕ್ಕರೆಯನ್ನೇ ಬಳಸಿದೆ. ಮಗಳೊಬ್ಬಳ ಖಯಾಲಿ ಅಂದುಕೊಳ್ಳಿ.

ಬಹಳ ಕಾಲ ಅಂಟೇ ಬಂತು. ಒಂದು ಚಳಿಗಾಲದಲ್ಲಿ ಮಾತ್ರ ಬೀಕರಿನಲ್ಲಿ ಬಿಳಿಯ ಪುಡಿ ಕೂತಿತು. ಕ್ರಿಮಿ ಬೆಳೆಸಿದ ಗಾಜಿನ ತಟ್ಟೆಯ ಮೇಲೆ ಅದರ ಒಂದು ಹನಿ ದ್ರಾವಣ ಇಟ್ಟು ಮರುದಿನ ನೋಡಿದರೆ, ತಟ್ಟೆಯೆಲ್ಲ ಕ್ರಿಮಿಯಿಂದ ಮಬ್ಬಾಗಿದೆ, ನನ್ನ ಹನಿಯ ಸುತ್ತ ಮಾತ್ರ ದುಂಡಗೆ ಸ್ವಚ್ಛ ಜಾಗ. ಅಷ್ಟರಲ್ಲಿ ಒಂದೂ ಕ್ರಿಮಿ ಉಳಿದಿರಲಿಲ್ಲ. ನಾನು ತಟ್ಟೆ ಹಿಡಿದುಕೊಂಡು ಕಾಲೇಜಿನ ವರಾಂಡದಲ್ಲಿ ಓಡಿದೆ. ಹುಡುಗರು ಮೇಡಮ್ಮಿಗೆ ಏನಾಯಿತೋ ಎಂದು ಹಾದಿ ಬಿಟ್ಟರು. ಅಪ್ಪನಿಗೆ ಫೋನು ಹಚ್ಚಿ, "ಅಪ್ಪಾ, ನಿಮ್ಮ ಸಕ್ಕರೀದು ಔಷಧ ಮೊದಲನೇ ಸಲ ಇಳೀತ್ರೀ!" ಎಂದೆ. ಗಾಣದ ಮಾತಿನಲ್ಲೇ ಹೇಳಿದೆ, ಅವರಿಗೆ ಹಿತವಾಗಲಿ ಎಂದು.

ಪುಡಿಯನ್ನು ಮಾರ್ಗದರ್ಶಕರಿಗೆ ತೋರಿಸಲು ಧಾರವಾಡಕ್ಕೆ ಹೊರಟವಳು ದಾರಿಯಲ್ಲಿ ಒಂದು ರಾತ್ರಿ ಬಾಡಗಂಡಿಯಲ್ಲಿ ಉಳಿದೆ. ಮರುದಿನ ಬೆಳಗ್ಗೆ ನಮ್ಮ ಗಾಣದ ಪೂಜೆ. ನಾನು ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಹೊಲಕ್ಕೆ ಹೋದೆ. ಕೊಪ್ಪರಿಗೆಯಿಂದ ಹಬೆ ಏಳುತ್ತಿತ್ತು. ಅವ್ವ, ಕಬ್ಬು ಕಡಿಯುವವರು, ಅಕ್ಕಪಕ್ಕದ ಹೊಲದವರು, ಅಪ್ಪನ ಗೆಳೆಯನಾದ ಕುರಿಯ ಕಾಕಾ ಎಲ್ಲರೂ ಸಾಲಾಗಿ ನಿಂತಿದ್ದರು. ಎಲ್ಲರ ಮುಖ ಹಿಂಡಿದಂತಾಗಿತ್ತು. ಕಾಕಾನ ಮೀಸೆಯ ತುದಿಯಲ್ಲಿ ಬಿಳಿಯ ನೊರೆ.

ದೇವರ ಮುಂದಿನ ತಟ್ಟೆಯಲ್ಲಿ ಹೊಸ ಬೆಲ್ಲದ ಪಕ್ಕಕ್ಕೆ, ರಾತ್ರಿ ನನ್ನ ಚೀಲದಲ್ಲಿದ್ದ ಪುಡಿಯ ಡಬ್ಬಿ ಇತ್ತು. ಮುಚ್ಚಳ ತೆಗೆದಿತ್ತು. ಖಾಲಿ.

"ಅಪ್ಪಾ! ಏನ ಮಾಡಿದ್ರಿ ಇದನ್ನ?"

"ನೀನ ಹೇಳಿದ್ಯಲ್ಲ, ಮೊದಲನೇ ಸಲ ಇಳೀತು ಅಂತ" ಎಂದರು ಅಪ್ಪ, ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಳ್ಳುತ್ತ. "ದೇವ್ರಿಗೆ ತೋರಿಸಿ ಎಲ್ಲಾರ್ಗೂ ಒಂದೊಂದ ಚೂರು ಕೊಟ್ಟೆ. ಆದ್ರ ಭಾಳ ಕಹಿ ಐತಿ ಬಿಡವ್ವ."

ಬಾಯೊಳಗೆ ಸಾಬೂನಿನಂತೆ ನೊರೆ ಬರುತ್ತಿದ್ದರೂ ಒಬ್ಬರೂ ಉಗುಳಿರಲಿಲ್ಲ. ಪ್ರಸಾದವನ್ನು ಉಗುಳುವುದುಂಟೇ? ನಾನು ಅಲ್ಲೇ ಕಿರುಚಾಡಿದೆ. ಇಷ್ಟು ವರ್ಷದ ಕೆಲಸ ನುಂಗಿ ನೀರು ಕುಡಿದಿರಿ, ನಿಮಗೆ ಯಾರಾದರೂ ಬುದ್ಧಿ ಇದೆ ಅನ್ನುತ್ತಾರೇನು ಎಂದೆ. ಅವ್ವ ಮೆಲ್ಲಗೆ, "ನೀರು ಕುಡಿದ್ರ ನೊರಿ ಇನ್ನೂ ಜಾಸ್ತಿ ಆಗತೈತಿ, ಕುಡಿಯಬ್ಯಾಡ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಕಾಕಾ ಮೀಸೆ ಒರೆಸಿಕೊಂಡು, "ಔಷಧ ಅಂದಮ್ಯಾಲ ಕಹಿ ಇರಬೇಕಲ್ರಿ. ಖರೇನ ಔಷಧ ಆಗೇತಿ" ಎಂದು ಅಪ್ಪನ ಭುಜ ತಟ್ಟಿದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಸಿಟ್ಟು ಇಳಿದ ಮೇಲೆ ಹೆದರಿಕೆ ಹತ್ತಿತು. ಇದೇ ಜಾತಿಯ ವಸ್ತುಗಳನ್ನು ಬಿಸ್ಕೀಟಿಗೂ ಐಸ್‌ಕ್ರೀಮಿಗೂ ಹಾಕುತ್ತಾರೆ, ಒಂದು ಚಿಟಿಕೆಯಿಂದ ಏನೂ ಆಗದು ಎಂದು ಗೊತ್ತಿತ್ತು. ಗೊತ್ತಿರುವುದು ಬೇರೆ, ಹೆತ್ತವರು ಕಣ್ಣ ಮುಂದೆ ನುಂಗಿದ್ದು ಬೇರೆ. ಧಾರವಾಡದ ಪ್ರಯಾಣ ಬಿಟ್ಟು ಇಡೀ ದಿನ ಗಾಣದ ಹತ್ತಿರವೇ ಕೂತು ಒಬ್ಬೊಬ್ಬರ ಮುಖ ನೋಡಿದೆ. ಅವರು ಕಬ್ಬು ಹೊತ್ತರು, ಉಂಡರು, ಎಲೆ ಅಡಿಕೆ ಹಾಕಿಕೊಂಡರು, ನನ್ನ ಮುಖ ನೋಡಿ ನಕ್ಕರು. ಯಾರಿಗೂ ಏನೂ ಆಗಲಿಲ್ಲ.

ಆ 'ಏನೂ ಆಗಲಿಲ್ಲ' ಅನ್ನುವುದೇ ಅಪ್ಪನಿಗೆ ಸಾಕಾಯಿತು. ಅವರ ಲೆಕ್ಕದಲ್ಲಿ ಪರೀಕ್ಷೆ ಮುಗಿದಿತ್ತು. ದೇವರು ನೋಡಿದ್ದಾನೆ, ಊರು ತಿಂದಿದೆ, ಕಹಿಯೂ ಇದೆ, ಇನ್ನೇನು ಬೇಕು? ಕಾಕಾನ ಕುರಿಗಳಿಗೆ ಗೊರಸಿನ ಸಂದಿಯಲ್ಲಿ ಹುಣ್ಣಾಗಿತ್ತು. ಕುರಿಗಾರರ ದೇವರು ಬೀರೇಶ್ವರನಿಗೆ ನಡೆದುಕೊಳ್ಳುವ ಅವರ ಮನೆತನ ತಲೆಮಾರುಗಳಿಂದ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬುತ್ತ ಬಂದದ್ದು. ಮೊದಲು ಒಣನೆಲ, ಈಗ ಕಬ್ಬಿನ ನೀರಿನಲ್ಲಿ ನೆಲ ಯಾವಾಗಲೂ ಹಸಿ, ಕುರಿಯ ಕಾಲು ಕೊಳೆಯುತ್ತಿದ್ದವು. ಅಪ್ಪ ಅವನಿಗೆ ಮಾತು ಕೊಟ್ಟುಬಿಟ್ಟರು: "ಮಗಳು ಮತ್ತೊಂದ ಡಬ್ಬಿ ಮಾಡ್ತಾಳ. ನಿನ್ನ ಕುರಿಗೇ ಮೊದಲು." ಕಾಕಾ ದನದ ಡಾಕ್ಟರರ ಹತ್ತಿರ ಹೋಗುವುದನ್ನು ಬಿಟ್ಟು ನನ್ನ ಡಬ್ಬಿಗಾಗಿ ಕಾದ.

ಮತ್ತೆ ಪುಡಿ ಮಾಡಿಕೊಂಡು ಧಾರವಾಡಕ್ಕೆ ಹೋದೆ. ಪ್ರಸಾದದ ಕಥೆ ಕೇಳಿ ಮಾರ್ಗದರ್ಶಕರು ಕನ್ನಡಕ ತೆಗೆದಿಟ್ಟು ನಕ್ಕರು. ಅವರು ನಕ್ಕದ್ದನ್ನು ನಾನು ಅಂದೇ ನೋಡಿದ್ದು. ಆಮೇಲೆ ಕನ್ನಡಕ ಹಾಕಿಕೊಂಡು, "ಹೊಟ್ಟೆ ಏನನ್ನಾದರೂ ಅರಗಿಸುತ್ತದೆ. ರಕ್ತವನ್ನು ಕೇಳಿದ್ದೀರಾ?" ಎಂದರು.

ಇಲ್ಲವೆಂದು ತಲೆಯಾಡಿಸಿದೆ.

"ಕ್ರಿಮಿಯ ಪೊರೆ ಜಿಡ್ಡಿನದು. ನಮ್ಮ ರಕ್ತಕಣದ ಪೊರೆಯೂ ಜಿಡ್ಡಿನದೇ. ಅದನ್ನೂ ಹರಿದರೆ ನೀವು ಮಾಡಿದ್ದು ಔಷಧ ಅಲ್ಲ, ಸಾಬೂನು."

ಅಲ್ಲಿಂದ ಮುಂದೆ ನನ್ನ ಬದುಕಿಗೆ ಇದೊಂದೇ ಪ್ರಶ್ನೆ ಉಳಿಯಿತು: ನನ್ನ ಸಕ್ಕರೆ ರಕ್ತವನ್ನು ಉಳಿಸುತ್ತದೋ ಇಲ್ಲವೋ. ಜಮಖಂಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಕ್ತ ತಪಾಸಣೆಯ ಲ್ಯಾಬು ಇಟ್ಟಿದ್ದ. ಮೊದಲ ಪರೀಕ್ಷೆಗೆ ನನ್ನದೇ ರಕ್ತ ತೆಗೆಸಿದೆ. ಕಣಗಳನ್ನು ತೊಳೆದು ಉಪ್ಪುನೀರಿನಲ್ಲಿ ಬಿಟ್ಟು, ಅದಕ್ಕೆ ನನ್ನ ಪುಡಿ ಸೇರಿಸಿ, ಮೈಯಷ್ಟೇ ಬಿಸಿಯಲ್ಲಿ ಒಂದು ತಾಸು ಇಟ್ಟು, ಯಂತ್ರದಲ್ಲಿ ಗರಗರ ತಿರುಗಿಸಬೇಕು. ಕಣಗಳು ಬದುಕಿದ್ದರೆ ಕೆಂಪೆಲ್ಲ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಒಡೆದಿದ್ದರೆ ತಳದಲ್ಲಿ ಏನೂ ಕೂರುವುದಿಲ್ಲ, ನಳಿಗೆಯ ತುಂಬ ಕೆಂಪು. ನನ್ನ ನಳಿಗೆ ಮೇಲಿಂದ ಕೆಳಗಿನವರೆಗೆ ಕೆಂಪಾಗಿತ್ತು.

ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ಒಪ್ಪಲಿಲ್ಲ. "ನಿನ್ನ ರಕ್ತಾನ ತೆಳ್ಳಗ ಐತಿ. ಬಸ್ಸಿನ್ಯಾಗ ಅಡ್ಡಾಡಿ, ಹೊತ್ತಿಗೆ ಸರಿಯಾಗಿ ಉಣ್ಣದ ಇರಾಕಿ ನೀ. ನಂದು ತಗೋ, ಬೆಲ್ಲ ತಿಂದ ರಕ್ತ."

"ರಕ್ತದಾಗ ಹಂಗೆಲ್ಲ ಇರೂದಿಲ್ರೀ ಅಪ್ಪಾ."

"ನಾ ನಾಳೆ ಬರ್ತೇನಿ" ಎಂದು ಫೋನು ಇಟ್ಟರು.

ತಲೆಗೆ ಬಿಳಿ ಪಟಕ ಸುತ್ತಿಕೊಂಡು, ಮುಧೋಳದಲ್ಲಿ ಬಸ್ಸು ಬದಲಿಸಿ ಬಂದೇಬಿಟ್ಟರು. ತೋಳು ಮುಂದೆ ಚಾಚಿ ಕೂತವರ ಮುಖದಲ್ಲಿ ಕುಸ್ತಿಗೆ ಇಳಿದವರ ಧೈರ್ಯ ಇತ್ತು. ನಳಿಗೆ ತಿರುಗಿ ನಿಲ್ಲುವವರೆಗೆ ಲ್ಯಾಬಿನ ಹುಡುಗನಿಗೆ ನಮ್ಮ ಸಕ್ಕರೆಯ ಗುಣಗಾನ ಮಾಡಿದರು. ನಳಿಗೆ ಹೊರಬಂತು. ತಳದಲ್ಲಿ ಏನೂ ಇರಲಿಲ್ಲ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು.

"ಇದೆಲ್ಲಾ ನನ್ನ ರಕ್ತ ಒಡದದ್ದೇನು?"

"ಹೌದ್ರಿ."

"ಇದನ್ನ ನಾ ನಿಮ್ಮವ್ವಗ ತಿನ್ನಿಸಿದ್ನಿ" ಎಂದರು. ದನಿ ಬಹಳ ಸಣ್ಣದಾಗಿತ್ತು. ಹೊಟ್ಟೆಗೆ ಹೋದದ್ದು ರಕ್ತಕ್ಕೆ ಹಾಗೇ ಹೋಗುವುದಿಲ್ಲ, ಅವ್ವನಿಗೆ ಏನೂ ಆಗಿಲ್ಲ, ಆಗುವುದೂ ಇಲ್ಲ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಆದರೆ ಕಾಕಾನ ಕುರಿಗಳ ಬಿಚ್ಚಿದ ಹುಣ್ಣು ನೆನಪಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಣ್ಣಿನಲ್ಲಿ ರಕ್ತವೇ ಇರುವುದು. ಅಪ್ಪ ಚಹಾ ಕೂಡ ಕುಡಿಯದೆ ಎದ್ದರು. ಮರುದಿನವೇ ಕಾಕಾನನ್ನು ಕರೆದುಕೊಂಡು ಬೀಳಗಿಯ ದನದ ಆಸ್ಪತ್ರೆಗೆ ಹೋಗಿ, ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ ಎಂದು ದಾರಿಯಲ್ಲೇ ಹೇಳಿದರಂತೆ. ನನ್ನಪ್ಪ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ಅದಕ್ಕೂ ಮೊದಲು ಯಾರೂ ನೋಡಿರಲಿಲ್ಲ. ಕುರಿಗಳ ಕಾಲು ಆಸ್ಪತ್ರೆಯ ಔಷಧದಲ್ಲಿ ವಾಸಿಯಾದವು.

ಆಮೇಲಿನ ಹಂಗಾಮುಗಳು ನನಗೆ ಈಗಲೂ ಹಿತವಾಗಿ ನೆನಪಾಗುತ್ತವೆ. ಎದುರಿಗೆ ಒಂದೇ ಪ್ರಶ್ನೆ ಇದ್ದಾಗ ತಲೆ ಹಗುರವಾಗಿರುತ್ತದೆ. ಬಾಲವನ್ನು ಉದ್ದ ಮಾಡಿ ನೋಡಿದೆ, ರಕ್ತ ಇನ್ನೂ ಬೇಗ ಒಡೆಯಿತು. ಬಹಳ ಮೊಟಕು ಮಾಡಿದೆ, ರಕ್ತ ಉಳಿಯಿತು, ಕ್ರಿಮಿಯೂ ಆರಾಮಾಗಿ ಉಳಿಯಿತು. ಎರಡನ್ನೂ ಮುಟ್ಟದ ಇಂಥ ಸಜ್ಜನ ವಸ್ತುವಿನಿಂದ ಯಾರಿಗೆ ಏನು ಪ್ರಯೋಜನ? ಕೊನೆಗೆ ದಾರಿ ಸಿಕ್ಕಿದ್ದು ಇನ್ನೊಂದು ಕಡೆಯಿಂದ. ಕ್ರಿಮಿಯ ಪೊರೆಯ ಮೇಲೆ ವಿದ್ಯುತ್ತಿನ ಋಣ ಅಂಶ ಹೆಚ್ಚು. ರಕ್ತಕಣದ ಪೊರೆಯಲ್ಲಿ ಅದು ಅಷ್ಟಿಲ್ಲ. ಸಕ್ಕರೆಯ ತಲೆಗೆ ಧನ ಅಂಶದ ಒಂದು ಕೊಕ್ಕೆ ಹಾಕಿದರೆ, ಅದು ರಕ್ತವನ್ನು ಬಿಟ್ಟು ಕ್ರಿಮಿಯನ್ನೇ ಹುಡುಕಿಕೊಂಡು ಹೋಗಬೇಕು. ಕೊಕ್ಕೆ ಹಾಕುವುದು ನಾಲ್ಕು ಹಂತದ ಕೆಲಸ. ಮೂರನೆಯ ಹಂತಕ್ಕೆ ಬಂದಾಗ ಯಾವಾಗಲೂ ಕರೆಂಟು ಹೋಗುತ್ತಿತ್ತು.

ಅಪ್ಪ ಪ್ರತಿ ವಾರ ಫೋನು ಮಾಡುತ್ತಿದ್ದರು. ಹೇಗಿದ್ದೀ, ಉಂಡೆಯಾ, ಏನೂ ಇಲ್ಲ. "ಕೆಂಪೋ, ತಿಳಿಯೋ?"

"ಕೆಂಪ್ರೀ ಅಪ್ಪಾ."

"ಆತು, ಇಡು."

ಕೆಲವೊಮ್ಮೆ ನನಗೆ ರೇಗುತ್ತಿತ್ತು. ಗೊಬ್ಬರ ಹಾಕಿದ ವಾರಕ್ಕೆಲ್ಲ ಕಬ್ಬು ಕಟಾವಿಗೆ ಬರುತ್ತದೇನು ಎಂದು ದಬಾಯಿಸಿದೆ. "ಬರೂದಿಲ್ಲ. ಆದ್ರ ಹೊಲಕ್ಕ ದಿನಾ ಹೋಗಿ ನೋಡ್ತೇವಲ್ಲ" ಎಂದರು. ವಿಚಿತ್ರವೆಂದರೆ ಅವರು ಈಗ ಊರಲ್ಲಿ ಯಾರ ಮುಂದೆಯೂ ನನ್ನ ಔಷಧದ ಸುದ್ದಿ ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಅಕಿ ಕೆಲಸ ಅಕಿ ಮಾಡಾಕತ್ತಾಳ" ಎಂದು ಮಾತು ಮುಗಿಸುತ್ತಿದ್ದರು ಎಂದು ಅವ್ವ ಹೇಳಿದಳು. ಅವರು ಕೊಚ್ಚಿಕೊಳ್ಳುವುದು ನಿಂತದ್ದು ನನಗೆ ಹಗುರವೆನಿಸಬೇಕಿತ್ತು. ಬದಲಿಗೆ ಬೇಸರವಾಯಿತು.

ಕೊಕ್ಕೆ ಕೂತ ಪುಡಿ ಕೈಗೆ ಬಂದದ್ದು ಒಂದು ಬೇಸಿಗೆಯ ಕೊನೆಗೆ. ಮೊದಲು ಗಾಜಿನ ತಟ್ಟೆ: ಹನಿಯ ಸುತ್ತ ಹಿಂದಿಗಿಂತ ದೊಡ್ಡ ಸ್ವಚ್ಛ ಜಾಗ. ಕ್ರಿಮಿ ಸತ್ತಿತ್ತು. ಉಳಿದದ್ದು ರಕ್ತ. ಈ ಸಲವೂ ಒಡೆದರೆ ಇನ್ನು ನನ್ನ ಹತ್ತಿರ ಬೇರೆ ಯುಕ್ತಿ ಇರಲಿಲ್ಲ. ಮಾರ್ಗದರ್ಶಕರೂ ಹೊಸ ವಿಷಯ ಹಿಡಿಯಿರಿ ಎಂದು ಹೇಳಿಯಾಗಿತ್ತು. ನನ್ನ ರಕ್ತ ಕೊಡಬಹುದಿತ್ತು. ಆದರೆ ನಾನು ಅಪ್ಪನಿಗೆ ಫೋನು ಮಾಡಿದೆ. ಅವರಿಲ್ಲದೆ ನೋಡುವುದು ನ್ಯಾಯವಲ್ಲ ಅನ್ನಿಸಿತು, ಅಷ್ಟೇ.

ಅಪ್ಪ ಮೊದಲ ಬಸ್ಸಿಗೇ ಬಂದರು. ಯಾರೂ ಹೇಳದಿದ್ದರೂ ಉಪವಾಸ ಬಂದಿದ್ದರು. ಮೂರು ನಳಿಗೆ ಇಟ್ಟೆವು. ಒಂದರಲ್ಲಿ ರಕ್ತಕಣ ಖಂಡಿತ ಒಡೆಯುವಂತೆ ಬರೀ ನೀರು. ಇನ್ನೊಂದರಲ್ಲಿ ಒಡೆಯದಂತೆ ಉಪ್ಪುನೀರು, ಔಷಧ ಇಲ್ಲ. ಮೂರನೆಯದು ನನ್ನದು. ಒಂದು ತಾಸು ನಾವಿಬ್ಬರೂ ಲ್ಯಾಬಿನ ಹೊರಗಿನ ಬಾಕಿನ ಮೇಲೆ ಕೂತೆವು. ಎದುರಿನ ಕಬ್ಬಿನ ಹಾಲಿನ ಅಂಗಡಿಯವನು ಗಾಣಕ್ಕೆ ಒಂದೇ ಕಬ್ಬನ್ನು ನಾಲ್ಕು ಸಲ ಹಾಕುವುದನ್ನು ನೋಡಿ ಬೇರೆ ದಿನವಾಗಿದ್ದರೆ ಅಪ್ಪ ಎದ್ದುಹೋಗಿ ಬೈದುಬರುತ್ತಿದ್ದರು. ಅಂದು ನೋಡಿಯೂ ಏಳಲಿಲ್ಲ.

ಯಂತ್ರ ನಿಂತಿತು. ಹುಡುಗ ನಳಿಗೆಗಳನ್ನು ತಂದು ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ನನಗೆ ನೋಡಲು ಧೈರ್ಯವಾಗಲಿಲ್ಲ. "ನೀವ ನೋಡ್ರಿ ಅಪ್ಪಾ" ಎಂದು ಗೋಡೆಯ ಕಡೆ ತಿರುಗಿದೆ.

ಅವರು ಬಗ್ಗಿ ನೋಡಿದ್ದು ಗೊತ್ತಾಯಿತು. ಆಮೇಲೆ ಕೇಳಿದರು, "ಇದೊಂದು ಪೂರಾ ಕೆಂಪ ಐತಿ. ಇವೆರಡೂ ತಿಳಿ ಅದಾವ. ಇದರಾಗ ನಿಂದು ಯಾವ್ದು?"

ತಿರುಗಿ ನೋಡಿದೆ. ನಳಿಗೆಯ ಮೇಲಿನ ಗುರುತು ಹುಡುಕಿದೆ. ಎರಡು ನಳಿಗೆಗಳ ತಳದಲ್ಲೂ ಕೆಂಪು ಗುಂಡಿಯಷ್ಟು ರಕ್ತ, ಮೇಲೆ ಬಾವಿಯ ನೀರಿನಷ್ಟು ತಿಳಿ. ಗುರುತು ಇಲ್ಲದಿದ್ದರೆ ಔಷಧ ಹಾಕಿದ್ದು ಯಾವುದು, ಹಾಕದ್ದು ಯಾವುದು ಎಂದು ನನಗೂ ಹೇಳಲಾಗುತ್ತಿರಲಿಲ್ಲ. ಎಡಗಡೆಯದು ನನ್ನದಾಗಿತ್ತು.

"ನಿಮ್ಮ ರಕ್ತ ಉಳೀತ್ರೀ ಅಪ್ಪಾ" ಎಂದೆ. ಅಷ್ಟು ಹೇಳಿ ಅತ್ತೆ. ಅಪ್ಪ ಪಟಕದ ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಂಡು, ಅದೇ ಸೆರಗನ್ನು ನನ್ನ ಕೈಗೆ ಕೊಟ್ಟರು. ಲ್ಯಾಬಿನ ಹುಡುಗ ಓಡಿಹೋಗಿ ಕಬ್ಬಿನ ಹಾಲು ತಂದ. ಅಪ್ಪ ಅದನ್ನು ಕುಡಿದು, "ನೀರ ಹಾಕ್ಯಾನ" ಎಂದು ಗುಡುಗಿದರು. ಅವರು ಸರಿಹೋದರು ಎಂದು ಗೊತ್ತಾಯಿತು.

ಆ ಪುಡಿ ಇವತ್ತಿಗೂ ಔಷಧದ ಅಂಗಡಿಗೆ ಬಂದಿಲ್ಲ. ನನಗೆ ಪದವಿ ಬಂತು, ನಮ್ಮ ಪ್ರಬಂಧ ಅಚ್ಚಾಯಿತು, ಮುಂದಿನ ಪರೀಕ್ಷೆಗಳು ದೊಡ್ಡ ಊರುಗಳ ದೊಡ್ಡ ಲ್ಯಾಬುಗಳಿಗೆ ಹೋದವು. ಬೇರೆ ಯಾರೋ ನಮ್ಮ ಕೊಕ್ಕೆಯನ್ನು ಹಿಡಿದು ಮುಂದೆ ಹೋಗಿದ್ದಾರೆ. ಔಷಧ ಅನ್ನುವುದು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸ ಅಲ್ಲ. ನನಗೆ ಅದರ ಬಗ್ಗೆ ಯಾವ ಕೊರಗೂ ಇಲ್ಲ. ನನ್ನ ಪಾಲಿನ ಗೆಲುವು ಆ ಎಡಗಡೆಯ ನಳಿಗೆ.

ಅಂದು ಸಂಜೆ ಅಪ್ಪ ಒಂದು ಮಾತು ಕೇಳಿದರು: "ಒಂದ ಸಲ ಮನೀಗೆ ತಾ ಅದನ್ನ." ಹಿಂದಿನದು ಮರೆತಿರಲಿಲ್ಲವಾದ್ದರಿಂದ ಪುಡಿಯ ಬಹುಪಾಲನ್ನು ಕಾಲೇಜಿನಲ್ಲೇ ಬೀಗ ಹಾಕಿಟ್ಟು, ಸ್ವಲ್ಪವನ್ನು ಮಾತ್ರ ಡಬ್ಬಿಗೆ ಹಾಕಿಕೊಂಡು ಅವರ ಜೊತೆ ಬಾಡಗಂಡಿಗೆ ಹೋದೆ. ಬಸ್ಸಿನ ತುಂಬ ಪರಿಚಯದವರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದವರಿಗೆಲ್ಲ, "ಮಗಳನ್ನ ಕರಕೊಂಡ ಬರಾಕ" ಎಂದರು. ಮುಧೋಳ ದಾಟಿದ ಮೇಲೆ ತಡೆಯಲಾಗದೆ ನನ್ನ ಕಿವಿಯ ಹತ್ತಿರ ಬಗ್ಗಿ, "ಇನ್ನ ಮಂದಿಗೆ ಹೇಳ್ಲ್ಯಾ?" ಎಂದು ಕೇಳಿದರು. ಯಾರ ಅಪ್ಪಣೆಯನ್ನೂ ಕೇಳಿದವರಲ್ಲ ಅವರು.

"ಹೇಳ್ರಿ. ಔಷಧ ಅನಬ್ಯಾಡ್ರಿ ಮತ್ತ."

"ಏನ ಅನಲಿ?"

"ರಕ್ತಕ್ಕ ಏನೂ ಮಾಡಲಿಲ್ಲ ಅನ್ರಿ."

ಮನೆಯಲ್ಲಿ ಕುರಿಯ ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಡಬ್ಬಿ ಕಂಡದ್ದೇ ಅವನ ಕೈ ಮೀಸೆಗೆ ಹೋಯಿತು. ಅಪ್ಪ ಅವನಿಗೆ ಹೇಳಿದರು, ನಾನು ಹೇಳಿಕೊಟ್ಟ ಹಾಗೆಯೇ, ಒಂದು ಅಕ್ಷರ ಹೆಚ್ಚಿಗೆ ಹಾಕದೆ: "ಔಷಧ ಇನ್ನೂ ಆಗಿಲ್ಲೋ ದೋಸ್ತ. ನನ್ನ ರಕ್ತಕ್ಕ ಏನೂ ಮಾಡಲಿಲ್ಲ."

"ಅಷ್ಟೇನಾ?" ಎಂದ ಕಾಕಾ.

"ಅಷ್ಟ" ಎಂದರು ಅಪ್ಪ. ಮುಖ ಮಾತ್ರ ಮೂರೂರಿಗೆ ಸಾರುವಂತಿತ್ತು.

ಅವ್ವ ಒಳಗಿನಿಂದ ತಟ್ಟೆ ತಂದು, ಯಾವುದಕ್ಕೂ ಇರಲಿ ಎಂಬಂತೆ ನನ್ನ ಮುಖ ನೋಡಿದಳು. ಮೊದಲನೆಯದಲ್ಲವೇ, ದೇವರಿಗೆ ತೋರಿಸದೆ ಇರುವುದು ಹೇಗೆ? ನಾನು ಏನೋ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು. ತಿರುವಿ ನೋಡಿ, ಬಿಚ್ಚುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ದೇವರ ಜಗಲಿಯ ಮೇಲೆ ಇಟ್ಟು ಕೈಮುಗಿದರು.

"ನೋಡ್ಲಿ" ಎಂದರು. "ತಿನ್ನೂದು ಬ್ಯಾಡ."